ಮುಚ್ಚದ ಕಣ್ಣಿನ ದೊಡ್ಡಮ್ಮ

ಮೊನ್ನೆ ಮಧುರವಾಡದ ಮಗಳ ಫ್ಲಾಟಿನಲ್ಲಿದ್ದಾಗ ಎದುರುಮನೆಯಿಂದ ಒಣಮೆಣಸಿನಕಾಯಿ ಸುಟ್ಟ ಘಾಟು ಬಂತು. ಯಾರೋ ಮಗುವಿಗೆ ದೃಷ್ಟಿ ತೆಗೆಯುತ್ತಿದ್ದರು. ಕೆಮ್ಮುತ್ತ ಬಾಗಿಲು ಹಾಕಿದೆ. ಆದರೂ ಘಾಟಿನ ಜೊತೆ ದೊಡ್ಡಮ್ಮ ನೆನಪಾಗಿ ಒಳಗೆ ಬಂದೇಬಿಟ್ಟರು...

ಎಂಬತ್ತರ ದಶಕದ ಮಾತು. ಯಜಮಾನರಿಗೆ ಬ್ಯಾಂಕಿನಿಂದ ಇದೇ ವಿಶಾಖಪಟ್ಟಣಕ್ಕೆ ವರ್ಗವಾಗಿತ್ತು. ಪಕ್ಕದ ಮನೆಯಾಕೆ ಬಳ್ಳಾರಿ ಕಡೆಯವರು, ತೆಲುಗರ ಮನೆಗೆ ಸೊಸೆಯಾಗಿ ಬಂದವರು. ಗಂಡ ತೀರಿದ ಮೇಲೆ ಒಬ್ಬರೇ ಇದ್ದರು. ಕನ್ನಡ ಕಿವಿಗೆ ಬಿದ್ದಿದ್ದೇ ತಡ, ನಾನು ಅವರಿಗೆ ಮಗಳಾದೆ. ನಾನೂ ದೊಡ್ಡಮ್ಮ ಅಂತಲೇ ಕರೆದೆ.

ಆದರೆ ಆ ಕಣ್ಣು! ತಿಂಗಳಿಂದ ತಿಂಗಳಿಗೆ ಗುಡ್ಡೆ ಹೊರಗೆ ಬರುತ್ತಿತ್ತು. ಒಂದು ಮಧ್ಯಾಹ್ನ ಮಜ್ಜಿಗೆ ಕೊಡಲು ಹೋದೆ. ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದಾರೆ, ಕೆಂಪು ಕಣ್ಣು ಮಾತ್ರ ತೆರೆದೇ ಇದೆ, ನನ್ನನ್ನೇ ನೋಡುತ್ತಿದೆ! ಕಣ್ಣಂಚಿನಲ್ಲಿ ನೊಣ ಕೂತಿತು. ರೆಪ್ಪೆ ಅಲುಗಲಿಲ್ಲ. ಮಜ್ಜಿಗೆ ಚೆಂಬನ್ನು ಅಲ್ಲೇ ಇಟ್ಟು ಓಡಿಬಂದೆ.

ವಠಾರಕ್ಕೆಲ್ಲ ಹೇಳಿದೆ. ಅವರೊಬ್ಬರಿಗೆ ಹೇಳಲಿಲ್ಲ. ತೊಟ್ಟಿಲಲ್ಲಿ ಮೂರು ತಿಂಗಳ ಮಗಳಿದ್ದಳು. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ... ಅವರು ಬಂದುಹೋದಾಗಲೆಲ್ಲ ಮಗುವಿಗೆ ಉಪ್ಪು, ಮೆಣಸಿನಕಾಯಿ ಇಳಿತೆಗೆದು ಹಿತ್ತಲಲ್ಲಿ ಕೆಂಡಕ್ಕೆ ಹಾಕುತ್ತಿದ್ದೆ. ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದೇ ಅರ್ಥ. "ನೋಡಿ, ಒಂದಿಷ್ಟೂ ಘಾಟಿಲ್ಲ" ಎಂದು ಯಜಮಾನರಿಗೆ ತೋರಿಸುತ್ತಿದ್ದೆ. ಗಾಳಿ ಅಷ್ಟೂ ಘಾಟನ್ನು ದೊಡ್ಡಮ್ಮನ ಕಿಟಕಿಗೆ ಒಯ್ಯುತ್ತಿತ್ತು.

"ಕಣ್ಣಾಗ ಮರಳು ಹಾಕ್ದಂಗೈತಮ್ಮಾ," ಎನ್ನುತ್ತಿದ್ದರು.

ಕೊನೆಗೆ ಒಂದು ಕಣ್ಣಿಗೆ ಹೂ ಬಿತ್ತು. ವಿಜಯವಾಡದ ಗವರ್ನರ್‌ಪೇಟೆಯಲ್ಲಿದ್ದ ಅವರ ತಮ್ಮ ಕರೆದೊಯ್ಯಲು ಬಂದರು. ಹೊರಡುವ ಮುನ್ನ ದೊಡ್ಡಮ್ಮ ನಮ್ಮ ಬಾಗಿಲಿಗೆ ಬಂದರು.

"ಪಾಪನ್ನ ಒಂದ್ಸಲ ತೋರ್ಸಮ್ಮಾ. ಇನ್ನೊಂದು ಕಣ್ಣಿರೋವಾಗ್ಲೇ ನೋಡ್ಕೊಂಡು ಹೋಗ್ತೀನಿ."

"ಮಲಗಿದ್ದಾಳೆ ದೊಡ್ಡಮ್ಮಾ," ಎಂದೆ.

ಒಳಗೆ ಮಗು ಕೇಕೆ ಹಾಕಿ ನಗುತ್ತಿತ್ತು. ಅವರಿಗೂ ಕೇಳಿಸಿತು.

"ಪರ್ವಾಲೇದಮ್ಮಾ, ಮಲಗ್ಲಿ," ಎಂದು ಹೋದರು. ಒಂದು ಗಳಿಗೆ ಎತ್ತಿ ತೋರಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಮನೆ ಖಾಲಿ ಮಾಡಲು ಬಂದ ತಮ್ಮನಿಂದ ಗೊತ್ತಾಯಿತು. ಮೂಲ ಕಾಯಿಲೆ ಕಣ್ಣಿನದಲ್ಲವಂತೆ, ಗಂಟಲಿನ ಥೈರಾಯ್ಡ್ ಗ್ರಂಥಿಯದು. ಅದರಿಂದ ಗುಡ್ಡೆ ಉಬ್ಬಿ, ನಿದ್ದೆಯಲ್ಲಿ ರೆಪ್ಪೆ ಮುಚ್ಚದೆ, ಕಣ್ಣು ಒಣಗಿ ಹುಣ್ಣಾಗಿತ್ತು. ಈಗ ಎರಡೂ ಹೋಗಿದ್ದವು.

"ಕಣ್ಣು ತೆರ್ಕೊಂಡೇ ಮಲಗ್ತಾಳೆ ಅಂತ ಮೊದ್ಲೇ ಯಾರಾದ್ರೂ ಹೇಳಿದ್ರೆ ಉಳೀತಿತ್ತಂತಮ್ಮಾ. ಒಬ್ಬಳೇ ಇದ್ಳು. ಯಾರು ನೋಡಿರ್ತಾರೆ ಹೇಳಿ?"

ಕಾಫಿ ತರುತ್ತೇನೆಂದು ನಾನು ಒಳಗೆ ಹೋದೆ.

ಕೆಲವು ವರ್ಷಗಳ ನಂತರ ದೊಡ್ಡಮ್ಮ ಹೋದ ಸುದ್ದಿ ಬಂತು. ಸತ್ತವರ ಕಣ್ಣನ್ನು ಮನೆಯವರು ಮುಚ್ಚುತ್ತಾರಲ್ಲ... ಅವರದು ಮುಚ್ಚಿತೇ ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.