ಗುಡ್ಡದ ಡಬ್ಬಿ ಕಾದ ಅಜ್ಜಿ

ಬಂಡೆಯ ಸಂದಿಗೆ ಕೈ ಹಾಕಿದೆ. ನಾನೇ ಬಚ್ಚಿಟ್ಟಿದ್ದ ಡಬ್ಬಿ ಅಲ್ಲಿರಲಿಲ್ಲ! ಜಿಪಿಎಸ್ ಹಿಡಿದು ಅದನ್ನು ಹುಡುಕಲೆಂದೇ ಪುಣೆಯಿಂದ ಅಮಾಸೆಬೈಲಿನ ಗುಡ್ಡಕ್ಕೆ ಬಂದಿದ್ದ ದಂಪತಿ ನನ್ನ ಮುಖ ನೋಡಿದರು. ಜಾಗದ ಗುರುತನ್ನು ಅಂತರ್ಜಾಲದಲ್ಲಿ ಕಂಡವರು ಹುಡುಕಿ ಬಂದು, ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಮತ್ತೆ ಅಲ್ಲೇ ಇಟ್ಟುಹೋಗುವುದು ನಮ್ಮ ಜಿಯೋಕ್ಯಾಶಿಂಗ್ ಹವ್ಯಾಸ.

ಸೊಪ್ಪಿನ ಹೊರೆ ಹೊತ್ತ ಅಜ್ಜಿಯೊಬ್ಬರು ಕೂಗಿದರು: "ಹ್ವಾಯ್, ಡಬ್ಬಿ ಹುಡ್ಕುದಾ? ಮಳಿ ಬಂದ್ರೆ ಪುಸ್ತಕ ಚಂಡಿ ಆತ್ತ್ ಅಂದೇಳಿ ನಾನೇ ಮೇಲಿನ್ ಕಲ್ಲಿನ ಅಡಿಗ್ ಇಟ್ಟಿದ್ದೆ."

ಡಬ್ಬಿ ತೆಗೆದು ನೋಡಿದರೆ, ಪುಸ್ತಕದ ಒಂದು ಹಾಳೆಯೂ ನೆನೆದಿರಲಿಲ್ಲ. ಪುಣೆಯಾಕೆ ಪೆನ್ನನ್ನು ಮೊದಲು ಅಜ್ಜಿಗೇ ಕೊಟ್ಟರು. ಅಜ್ಜಿ ಹೊರೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ನಿಧಾನವಾಗಿ 'ಗಿರಿಜ' ಎಂದು ಬರೆದರು.

ಆ ಪುಸ್ತಕದಲ್ಲಿ ಊರೂರು ಸುತ್ತಿದವರ ಹೆಸರುಗಳಿವೆ. ಗುಡ್ಡ ಹತ್ತಿ ಬಂದವರಿಗೆ ನಾನು ಮೊದಲು ತೋರಿಸುವುದು ಮಾತ್ರ ನಮ್ಮೂರಿನ ಆ ಸೊಟ್ಟ ಅಕ್ಷರಗಳನ್ನು.