ನಲವತ್ತೊಂದು ಜಾಡಿಗಳ ನೀರಕ್ಕ

ಬೆಳಗಿನ ಐದೂ ಮುಕ್ಕಾಲು. ಹಳೆಯ ಲಾರಿ ಷೆಡ್ಡಿನ ಹಿಂಬಾಗಿಲ ಬಳಿ ಒಂದೇ ದೀಪ ಉರಿಯುತ್ತಿದೆ. ಸಿಮೆಂಟ್ ತೊಟ್ಟಿಯ ಪಕ್ಕದಲ್ಲಿ ಮರದ ಸ್ಟೂಲು ಹಾಕಿಕೊಂಡು ಕುಳಿತ ಹೆಂಗಸೊಬ್ಬರು ವೈನ್ ಗ್ಲಾಸನ್ನು ಬಿಸಿನೀರಿನಲ್ಲಿ ಅದ್ದಿ, ಎತ್ತಿ, ದೀಪಕ್ಕೆ ಹಿಡಿದು ನೋಡುತ್ತಾರೆ. ಅಂಚಿನಲ್ಲಿ ಒಂದು ಸಣ್ಣ ಕಲೆ. ಮತ್ತೆ ಅದ್ದುತ್ತಾರೆ. ಮೇಜಿನ ಮೇಲೆ ಹಾಸಿದ ಬಿಳಿ ಬಟ್ಟೆಯ ಮೇಲೆ ಐವತ್ತೆಂಟು ಗ್ಲಾಸುಗಳು ಬೋರಲಾಗಿ ಕುಳಿತಿವೆ. ಇನ್ನೂ ಮೂವತ್ತೈದು ಬಾಕಿ.

ಪ್ರತಿ ಗ್ಲಾಸನ್ನೂ ಬಟ್ಟೆಯ ಮೇಲಿಡುವ ಮೊದಲು ಅವರು ಒಮ್ಮೆ ಮೂಗಿನ ಹತ್ತಿರ ತರುತ್ತಾರೆ. ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಅದನ್ನು ಅವರೇ ಹೇಳುತ್ತಾರೆ: "ಇಪ್ಪತ್ತು ವರ್ಷದ ಅಭ್ಯಾಸ. ಮೂಗು ಸತ್ತಿದೆ ಅಂತ ಕೈಗೆ ಇನ್ನೂ ಗೊತ್ತಾಗಿಲ್ಲ."

ದ್ರಾಕ್ಷಿ ಬೆಳೆಗಾರರು ಮತ್ತು ವೈನ್ ತಯಾರಕರ ಸಂಘದ ಮೂವತ್ತೊಂದು ಮಂದಿ ಸದಸ್ಯರಿಗೂ ಇವರು ನೀರಕ್ಕ. ತೊಳೆಯುವ ಕೋಣೆಗೆ ಸೋಪು ತರಲು ಯಾರನ್ನೂ ಬಿಡದೆ, ಎಲ್ಲವನ್ನೂ ಬಿಸಿನೀರು ಮತ್ತು ವಾಷಿಂಗ್ ಸೋಡಾದಲ್ಲೇ ತೊಳೆಯುವುದರಿಂದ ಬಂದ ಹೆಸರು. ಸೋಪಿನ ಪರಿಮಳ ಗಾಜಿಗೆ ಅಂಟಿಕೊಂಡರೆ ಅದರಲ್ಲಿ ಸುರಿದ ವೈನಿನ ಪರಿಮಳ ಹಾಳಾಗುತ್ತದೆ ಎಂಬುದು ಅವರ ವಾದ. ಹೊಸಬರೊಬ್ಬರು ಮನೆಯಿಂದ ನಿಂಬೆ ಪರಿಮಳದ ಸೋಪು ತಂದಾಗ ನೀರಕ್ಕ ಅದನ್ನು ಕಾಗದದಲ್ಲಿ ಸುತ್ತಿ, ಅವರ ಕೈಗೇ ಕೊಟ್ಟು, "ಮನೇಲಿ ಪಾತ್ರೆ ತೊಳೀರಿ, ಮನೆಯವರು ಖುಷಿಪಡ್ತಾರೆ" ಎಂದರಂತೆ.

ಸಂಘದಲ್ಲಿ ದೊಡ್ಡ ತೋಟದ ಮಾಲೀಕರು ಯಾರೂ ಇಲ್ಲ. ಟೈಲರ್ ಇದ್ದಾರೆ, ನಿವೃತ್ತ ಪೋಸ್ಟ್ ಮಾಸ್ಟರ್ ಇದ್ದಾರೆ, ಔಷಧಿ ಅಂಗಡಿಯವರು, ಇಬ್ಬರು ಶಾಲಾ ಶಿಕ್ಷಕಿಯರು, ಒಬ್ಬ ಬಸ್ ಚಾಲಕ ಇದ್ದಾರೆ. ಯಾರ ಬಳ್ಳಿಯೂ ಮನೆಯ ಹಿತ್ತಲು ದಾಟಿದ್ದಲ್ಲ. ಅಧ್ಯಕ್ಷೆ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದ ನರ್ಸ್. ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಾರೆ. ಚಳಿಗಾಲದಲ್ಲಿ ಬಳ್ಳಿ ಸವರುವ ಪಾಠ, ಹಣ್ಣು ಮಾಗುವಾಗ ಸಿಹಿ ಅಳೆಯುವ ಪಾಠ, ತಿಂಗಳಿಗೊಂದು ಸಭೆ, ಕೊಯ್ಲಾಗಿ ನಾಲ್ಕು ತಿಂಗಳಿಗೆ ಮೊದಲ ರುಚಿನೋಟ. ಸಂಘದ ಚಟುವಟಿಕೆ ಇಷ್ಟೇ. ಆದರೆ ಹಣ್ಣು ಜಜ್ಜುವ ಯಂತ್ರ, ರಸ ಹಿಂಡುವ ಯಂತ್ರ, ಇಪ್ಪತ್ತು ಲೀಟರ್ ಹಿಡಿಯುವ ನಲವತ್ತೊಂದು ಗಾಜಿನ ಜಾಡಿಗಳು ಸಂಘದ್ದು. ಅವನ್ನು ಸರದಿಯ ಮೇಲೆ ಎಲ್ಲರೂ ಮನೆಗೆ ಒಯ್ಯುತ್ತಾರೆ. ಒಂದು ಜಾಡಿ ಇಂದು ಟೈಲರ್ ಮನೆಯಲ್ಲಿದ್ದರೆ ಮುಂದಿನ ವರ್ಷ ಶಿಕ್ಷಕಿಯ ಮನೆಯಲ್ಲಿ. ಒಬ್ಬರ ಜಾಡಿಯಲ್ಲಿ ಉಳಿದ ಹುಳಿ ಇನ್ನೊಬ್ಬರ ವರ್ಷದ ಶ್ರಮವನ್ನು ವಿನೆಗರ್ ಮಾಡಬಲ್ಲದು. ಅವರಿಬ್ಬರ ನಡುವೆ ಇರುವುದು ನೀರಕ್ಕನ ತೊಟ್ಟಿ.

ಅವರಿಗೀಗ ಐವತ್ತೊಂಬತ್ತು. ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಹಣ್ಣಿನ ರಸದ ಕಾರ್ಖಾನೆಯಲ್ಲಿ ಬಾಟಲಿ ತೊಳೆಯುವ ಸಾಲಿನಲ್ಲಿ ನಿಂತಿದ್ದರು. ಕಾರ್ಖಾನೆ ಮುಚ್ಚಿತು. ಅದೇ ವರ್ಷ ಗಂಡ ತೀರಿಕೊಂಡರು. ಮಗನಿಗೆ ಆಗ ಹನ್ನೆರಡು. "ಅತ್ತುಕೊಂಡು ಕೂತಿದ್ರೆ ಒಲೆ ಹತ್ತುತ್ತಿರಲಿಲ್ಲ" ಎನ್ನುವುದನ್ನು ಬಿಟ್ಟು ಆ ದಿನಗಳ ಬಗ್ಗೆ ಅವರು ಹೆಚ್ಚು ಹೇಳುವುದಿಲ್ಲ. ಸಂಘಕ್ಕೆ ವಾರಕ್ಕೆರಡು ದಿನ ತೊಳೆಯುವವರು ಬೇಕಾಗಿದ್ದರು. ಎರಡು ದಿನ ಎಂದು ಸೇರಿದವರು ಕೊಯ್ಲಿನ ತಿಂಗಳಲ್ಲಿ ಏಳೂ ದಿನ ಇಲ್ಲೇ ಇರುತ್ತಾರೆ. ಒಂದು ಜಾಡಿಗೆ ನಾಲ್ಕು ಸಲ ನೀರು, ಒಂದು ಸಲ ಸೋಡಾ, ಉದ್ದ ಕೈಯ ಬ್ರಷ್ಷಿನಲ್ಲಿ ಐದು ನಿಮಿಷ ಉಜ್ಜು. ದಿನಕ್ಕೆ ಆರಕ್ಕಿಂತ ಹೆಚ್ಚು ಜಾಡಿ ಅವರು ಮುಟ್ಟುವುದಿಲ್ಲ. ಏಳನೆಯದಕ್ಕೆ ಕೈ ಸೋಮಾರಿಯಾಗುತ್ತದಂತೆ. ಬೆರಳ ಸಂದಿಗಳು ಸೋಡಾಕ್ಕೆ ಬಿರಿದಿವೆ. ಕೈಗವಸು ಹಾಕಿದರೆ ಗಾಜಿನ ಜಾರು ತಿಳಿಯುವುದಿಲ್ಲ ಎಂದು ಹಾಕುವುದಿಲ್ಲ.

ತೊಳೆದಾದ ಮೇಲೆ ಕೊನೆಯ ಪರೀಕ್ಷೆ ಮೂಗಿನದು. ಜಾಡಿಯನ್ನು ಒಂದು ರಾತ್ರಿ ಮುಚ್ಚಿಟ್ಟು, ಬೆಳಗ್ಗೆ ಮುಚ್ಚಳ ತೆಗೆದು, ಬಾಯಿಗೆ ಮುಖವಿಟ್ಟು ಉಸಿರೆಳೆಯುವುದು. ಏನೂ ವಾಸನೆ ಬರದಿದ್ದರೆ ಕುತ್ತಿಗೆಗೆ ಬಿಳಿ ದಾರ ಕಟ್ಟುವುದು. ಬಿಳಿ ದಾರ ಕಟ್ಟಿದ ಜಾಡಿಯನ್ನು ಯಾರೂ ಇನ್ನೊಮ್ಮೆ ನೋಡುತ್ತಿರಲಿಲ್ಲ. ಹದಿನೆಂಟು ಕೊಯ್ಲು ಹಾಗೇ ನಡೆಯಿತು.

ಕಳೆದ ವರ್ಷದ ಕೊಯ್ಲಿಗೆ ಮೂರು ವಾರ ಮೊದಲು ನೀರಕ್ಕನಿಗೆ ಜ್ವರ ಬಂತು. ಐದು ದಿನ ಮಲಗಿ ಎದ್ದು ಬಂದರು. ನೆಗಡಿಯಿಂದ ಮೂಗು ಕಟ್ಟಿದೆ ಅಂದುಕೊಂಡಿದ್ದರು. ನೆಗಡಿ ಹೋಯಿತು, ಕೆಲಸ ಶುರುವಾಯಿತು. ಆ ವರ್ಷ ಒಂದೊಂದೇ ಜಾಡಿಗೆ ಮುಖವಿಟ್ಟಾಗ ಅವರಿಗೆ ಆಶ್ಚರ್ಯವಾಯಿತು. ಒಂದರಲ್ಲೂ ವಾಸನೆ ಇಲ್ಲ. ಮಾಮೂಲಿ ವರ್ಷಗಳಲ್ಲಿ ಏಳೆಂಟು ಜಾಡಿಯಾದರೂ ಎರಡನೇ ಸಲ ತೊಟ್ಟಿಗೆ ಬರುತ್ತಿದ್ದವು. ಈ ಸಲ ಸದಸ್ಯರೆಲ್ಲ ಸರಿಯಾಗಿ ತೊಳೆದು ವಾಪಸು ಕೊಟ್ಟಿದ್ದಾರೆ ಎಂದು ಸಿಸ್ಟರ್ ಹತ್ತಿರ ಹೊಗಳಿದರು ಕೂಡ. ಎಲ್ಲಕ್ಕೂ ಬಿಳಿ ದಾರ ಬಿತ್ತು.

"ವಾಸನೆ ಬರದಿದ್ರೆ ಚೊಕ್ಕಟ ಅಂತ ನನ್ನ ಲೆಕ್ಕ. ನನಗೇ ವಾಸನೆ ಬರ್ತಿಲ್ಲ ಅನ್ನೋದು ಆ ಲೆಕ್ಕದಲ್ಲಿ ಇರಲಿಲ್ಲ" ಎನ್ನುತ್ತಾರೆ ನೀರಕ್ಕ.

ತಿಳಿದದ್ದು ಮನೆಯಲ್ಲಿ. ಕೊಯ್ಲು ಮುಗಿದು ಹತ್ತು ದಿನಕ್ಕೆ, ಒಂದು ಸಂಜೆ ಅವರು ಒಲೆಯ ಪಕ್ಕದಲ್ಲೇ ಕುಳಿತು ಬಟ್ಟೆ ಮಡಚುತ್ತಿದ್ದರು. ಹೊರಗಿನಿಂದ ಬಂದ ಸೊಸೆ ಬಾಗಿಲಲ್ಲೇ ನಿಂತು, "ಅತ್ತೆ, ಹಾಲು ಸೀದು ಬೀದಿಗೆಲ್ಲ ನಾರ್ತಿದೆ, ನೀವು ಪಕ್ಕದಲ್ಲೇ ಕೂತಿದ್ದೀರಲ್ಲ" ಎಂದಳು. ನೀರಕ್ಕ ಪಾತ್ರೆಯ ಮೇಲೆ ಬಗ್ಗಿದರು. ಕರಿ ತಳ ಕಾಣಿಸಿತು, ವಾಸನೆ ಬರಲಿಲ್ಲ. ಈರುಳ್ಳಿ ಕತ್ತರಿಸಿ ಮೂಗಿಗೆ ಹಿಡಿದರು. ಸೀಮೆಎಣ್ಣೆ ಬಾಟಲಿ ತೆರೆದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ನೇರ ಸಿಸ್ಟರ್ ಮನೆಗೆ ನಡೆದರು.

ಅಷ್ಟರಲ್ಲಿ ಟೈಲರ್ ಮನೆಯ ಮೂರು ಜಾಡಿಗಳು ಹುಳಿ ಹಿಡಿದಿದ್ದವು. ಹಿತ್ತಲಿನ ಅರವತ್ತು ಬಳ್ಳಿಗಳ ಇಡೀ ವರ್ಷದ ಫಲ, ಐವತ್ತೇಳು ಲೀಟರ್. ಹಿಂದಿನ ವರ್ಷ ಆ ಜಾಡಿಗಳನ್ನು ಒಯ್ದಿದ್ದವರು ತಳದಲ್ಲಿ ಉಳಿದ ವೈನನ್ನು ಹಾಗೇ ಬಿಟ್ಟು, ಬಿಗಿಯಾಗಿ ಮುಚ್ಚಿ, ತಿಂಗಳುಗಟ್ಟಲೆ ಇಟ್ಟು ವಾಪಸು ಕೊಟ್ಟಿದ್ದರು. ನೀರಕ್ಕನ ಮೂಗು ಇದ್ದಿದ್ದರೆ ಅವು ಮೊದಲ ದಿನವೇ ಸಿಕ್ಕಿಬೀಳುತ್ತಿದ್ದವು.

ಸಂಘದ ಸಭೆಯಲ್ಲಿ ಟೈಲರ್ ಬಾಯಿಗೆ ಬಂದದ್ದೆಲ್ಲ ಅಂದರು. ಮೂಗಿಲ್ಲದವರಿಗೆ ಈ ಕೆಲಸ ಏಕೆ ಎಂದೂ ಕೇಳಿದರು. ಪ್ರಶ್ನೆ ನ್ಯಾಯವಾಗಿಯೇ ಇತ್ತು. ಉತ್ತರ ಕೊಟ್ಟವರು ನೀರಕ್ಕನೇ. ಒಂದು ಕೊಯ್ಲು ಅವಕಾಶ ಕೊಡಿ, ಬೇರೆ ದಾರಿ ಹುಡುಕುತ್ತೇನೆ, ನಾನು ತೊಳೆದ ಒಂದೇ ಒಂದು ಜಾಡಿ ಹುಳಿಯಾದರೂ ಷೆಡ್ಡಿನ ಕೀಲಿ ಮೇಜಿನ ಮೇಲಿಟ್ಟು ಹೋಗುತ್ತೇನೆ ಎಂದರು. ಸಿಸ್ಟರ್ ಒಪ್ಪಿದರು. ಜೊತೆಗೆ ಇನ್ನೊಂದು ಮಾತು ಸೇರಿಸಿದರು: ನೀರಕ್ಕ ತೊಳೆಯಲಿ, ಮೂಸಿ ನೋಡುವ ಕೆಲಸ ಇನ್ನು ಟೈಲರ್ ಮಾಡಲಿ.

ಬೇರೆ ದಾರಿ ಅವರಿಗೆ ಹಳೆಯ ಕಾರ್ಖಾನೆಯ ನೆನಪಿನಲ್ಲೇ ಸಿಕ್ಕಿತು. ಅಲ್ಲಿ ತೊಳೆದ ಬಾಟಲಿಗಳಲ್ಲಿ ಕೆಲವನ್ನು ಹೆಕ್ಕಿ, ಕುದಿಸಿ ಆರಿಸಿದ ಸಕ್ಕರೆ ನೀರು ಸ್ವಲ್ಪ ಹಾಕಿ, ಮೂರು ದಿನ ಬೆಚ್ಚಗಿನ ಕೋಣೆಯಲ್ಲಿ ಇಡುತ್ತಿದ್ದರು. ನೀರು ಮಬ್ಬಾದರೆ, ಪೊರೆ ಕಟ್ಟಿದರೆ ಬಾಟಲಿ ಚೊಕ್ಕಟವಿಲ್ಲ ಎಂದರ್ಥ. ನೀರಕ್ಕ ಕೆಲವನ್ನಷ್ಟೇ ಹೆಕ್ಕಲಿಲ್ಲ. ನಲವತ್ತೊಂದಕ್ಕೂ ಸಕ್ಕರೆ ನೀರು ಹಾಕಿದರು. ಮೊದಲ ಸುತ್ತಿನಲ್ಲಿ ಹದಿಮೂರು ಮಬ್ಬಾದವು, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಒಂದೂ ಇಲ್ಲ. ಪ್ರತಿ ಜಾಡಿಯ ಸಂಖ್ಯೆ, ದಿನಾಂಕ, ನೀರಿನ ಬಣ್ಣ ಒಂದು ನೋಟುಬುಕ್ಕಿನಲ್ಲಿವೆ. ಕೆಲಸ ಎರಡರಷ್ಟಾಯಿತು. ವಿಶ್ವಾಸವೂ ಎರಡರಷ್ಟಾಯಿತೇ ಎಂದು ಕೇಳಿದರೆ, ಅದನ್ನು ವೈನ್ ಕುಡಿಯುವವರ ಹತ್ತಿರ ಕೇಳಿ ಎನ್ನುತ್ತಾರೆ.

ಟೈಲರ್ ಮೂಸಲು ಬಂದ ಮೊದಲ ದಿನ ನೀರಕ್ಕ ಅವರನ್ನು ಬಾಗಿಲಲ್ಲೇ ತಡೆದರು. ಅವರ ತಲೆಯ ಎಣ್ಣೆಯ ಪರಿಮಳ ಅವರಿಗಿಂತ ಮೊದಲೇ ಷೆಡ್ಡಿಗೆ ಬರುತ್ತಿದೆ ಎಂದು ಸಿಸ್ಟರ್ ಹೇಳಿದ್ದರು. "ಟೈಲರಣ್ಣ, ಮೊದಲು ತಲೆ ತೊಳ್ಕೊಂಡು ಬನ್ನಿ. ಜಾಡಿ ಆಮೇಲೆ" ಎಂದರು. ಟೈಲರ್ ಗೊಣಗುತ್ತಾ ಮನೆಗೆ ಹೋಗಿ ತಲೆ ತೊಳೆದುಕೊಂಡು ಬಂದರು. ಜಾಡಿ ಮೂಸುವ ಮೂರು ವಾರ ತಲೆಗೆ ಎಣ್ಣೆ ಮುಟ್ಟಿಸಲಿಲ್ಲ. "ಕನ್ನಡೀಲಿ ನನ್ನ ಗುರುತು ನನಗೇ ಸಿಗ್ತಿರಲಿಲ್ಲ" ಎಂದು ಟೈಲರ್ ಈಗ ದೂರುತ್ತಾರೆ.

ಇಂದು ನೀರಕ್ಕ ಅವಕಾಶ ಕೇಳಿದ್ದ ಆ ಕೊಯ್ಲಿನ ಮೊದಲ ರುಚಿನೋಟ. ನೀರಕ್ಕ ನಸುಕಿನಿಂದ ತೊಳೆಯುತ್ತಿರುವ ತೊಂಬತ್ತಮೂರು ಗ್ಲಾಸುಗಳು ಅದಕ್ಕೇ. ಹತ್ತು ಗಂಟೆಗೆ ಸದಸ್ಯರು ಬರತೊಡಗುತ್ತಾರೆ. ಜಾಡಿಗೊಂದರಂತೆ ಸಣ್ಣ ಬಾಟಲಿಯಲ್ಲಿ ವೈನ್ ತಂದಿದ್ದಾರೆ. ಇನ್ನೊಂದು ಕೈಯಲ್ಲಿ ಜಾಡಿಯ ಬಾಯಿಗೆ ಸಿಕ್ಕಿಸಿದ್ದ ಬಾಗಿದ ಗಾಜಿನ ಕೊಳವೆ. ಅದರ ಬಾಗಿನಲ್ಲಿ ಸದಾ ನೀರು ನಿಲ್ಲಿಸಿರಬೇಕು. ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಹೋಗುತ್ತದೆ, ಹೊರಗಿನ ಗಾಳಿ, ನೊಣ ಒಳಗೆ ಹೋಗುವುದಿಲ್ಲ. ಮೊದಲ ರುಚಿನೋಟದ ದಿನ ಹಳೆಯ ಕೊಳವೆ ತೊಳೆಯಲು ಕೊಟ್ಟು ಹೊಸದು ಒಯ್ಯುವುದು ಸಂಘದ ಪದ್ಧತಿ.

ಸಂಖ್ಯೆಯ ಪ್ರಕಾರ ಒಂದೊಂದೇ ಬಾಟಲಿ ತೆರೆಯುತ್ತದೆ. ನೀರಕ್ಕ ಮೇಜಿನಿಂದ ದೂರ, ತೊಟ್ಟಿಯ ಅಂಚಿಗೆ ಒರಗಿ ನಿಂತಿದ್ದಾರೆ. ಒಂದರಿಂದ ಇಪ್ಪತ್ತೆರಡರವರೆಗೆ ತಕರಾರಿಲ್ಲ. ಒಂದು ತೆಳು, ಒಂದು ಒಗರು, ಬಸ್ ಚಾಲಕರದ್ದು ಎಲ್ಲರಿಗೂ ಹಿಡಿಸಿದೆ. ಇಪ್ಪತ್ತಮೂರನೆಯದನ್ನು ಮೂಸಿದ ಟೈಲರ್ ಗ್ಲಾಸನ್ನು ಸಿಸ್ಟರ್ ಕಡೆ ಸರಿಸುತ್ತಾರೆ. ಸಿಸ್ಟರ್ ಮೂಸಿ ನೋಡಿ ತಲೆ ಆಡಿಸುತ್ತಾರೆ. ಹುಳಿ.

ನೀರಕ್ಕ ಮೇಜಿನ ಹತ್ತಿರ ಬರುತ್ತಾರೆ. ಸೊಂಟದಿಂದ ಕೀಲಿ ಬಿಚ್ಚಿ, ಸೆರಗಿನಲ್ಲಿ ಒರೆಸಿ, ಮೇಜಿನ ಮೇಲೆ ಇಡುತ್ತಾರೆ. ಆಮೇಲೆ ತೊಟ್ಟಿಗೆ ಮರಳಿ, ಬಂದ ಕೊಳವೆಗಳನ್ನು ನೀರಿಗೆ ಹಾಕಲು ಶುರು ಮಾಡುತ್ತಾರೆ.

"ಅದನ್ನ ಹಾಕ್ಬೇಡಿ" ಎನ್ನುತ್ತಾರೆ ಟೈಲರ್. ಕೊಳವೆಗಳ ರಾಶಿಯಿಂದ ಇಪ್ಪತ್ತಮೂರರ ಚೀಟಿ ಇರುವುದನ್ನು ಹೆಕ್ಕಿ ಕಿಟಕಿಗೆ ಹಿಡಿಯುತ್ತಾರೆ. ಬಾಗಿನಲ್ಲಿ ನೀರಿಲ್ಲ. ನೀರು ಆರಿಹೋದ ಬಿಳಿ ಗೆರೆ ಇದೆ. ಅದರ ಮೇಲೆ ಮೂರು ಹಣ್ಣಿನ ನೊಣಗಳು ಒಣಗಿ ಅಂಟಿಕೊಂಡಿವೆ. ಸಿಸ್ಟರ್ ನೀರಕ್ಕನ ನೋಟುಬುಕ್ಕು ತೆಗೆದು ಓದುತ್ತಾರೆ: ಇಪ್ಪತ್ತಮೂರು, ಮೂರು ದಿನ, ನೀರು ತಿಳಿ, ಮೂಸಿದ್ದು ಟೈಲರ್.

ಆ ಜಾಡಿ ಪೋಸ್ಟ್ ಮಾಸ್ಟರ್ ಅವರದ್ದು. ಎಪ್ಪತ್ತೊಂದು ವರ್ಷದ ಅವರು ಎದ್ದು ನಿಲ್ಲುತ್ತಾರೆ. "ಮಗಳ ಮನೆಗೆ ಹೋಗಿದ್ದೆ, ಇಪ್ಪತ್ತೆರಡು ದಿನ. ಕೊಳವೆಗೆ ನೀರು ಹಾಕೋರು ಯಾರೂ ಇರಲಿಲ್ಲ. ಹಾಕಿ ಅಂತ ಯಾರಿಗಾದ್ರೂ ಹೇಳಿ ಹೋಗ್ಬೇಕಿತ್ತು, ಮರೆತೆ. ತಪ್ಪು ನಂದು, ಜಾಡೀದಲ್ಲ" ಎನ್ನುತ್ತಾರೆ. ಅಷ್ಟು ಹೇಳಿ ಕುಳಿತುಕೊಳ್ಳುತ್ತಾರೆ. ಹದಿನೆಂಟು ಲೀಟರ್ ಕಳೆದುಕೊಂಡವರ ಮುಖದಲ್ಲಿ ಅದಕ್ಕಿಂತ ದೊಡ್ಡ ನಾಚಿಕೆ ಇದೆ.

ಉಳಿದ ಹದಿನೆಂಟು ಬಾಟಲಿಗಳನ್ನು ತೆರೆಯಲು ಇನ್ನೊಂದು ಗಂಟೆ ಹಿಡಿಯುತ್ತದೆ. ಅಷ್ಟೂ ಹೊತ್ತು ಕೀಲಿ ಮೇಜಿನ ಮೇಲೆ, ಗ್ಲಾಸುಗಳ ನಡುವೆ ಬಿದ್ದಿರುತ್ತದೆ. ಯಾರೂ ಮುಟ್ಟುವುದಿಲ್ಲ, ನೀರಕ್ಕನೂ ಅತ್ತ ನೋಡುವುದಿಲ್ಲ. ನಲವತ್ತೊಂದನೆಯದನ್ನು ಟೈಲರ್ ಎರಡು ಸಲ ಮೂಸಿ, ಒಂದು ಗುಟುಕು ಕುಡಿದು, ಸರಿಯಿದೆ ಎನ್ನುತ್ತಾರೆ. ಆಮೇಲೆ ಕೀಲಿ ಎತ್ತಿಕೊಂಡು ತೊಟ್ಟಿಯ ಹತ್ತಿರ ಹೋಗುತ್ತಾರೆ.

"ತಗೊಳ್ಳಿ. ಇನ್ನೊಂದು ವರ್ಷ ತಲೆಗೆ ಎಣ್ಣೆ ಇಲ್ಲ ಅಂತ ನನ್ನ ಹಣೇಲಿ ಬರೆದಿದೆ."

ನೀರಕ್ಕ ಒದ್ದೆ ಕೈಯಲ್ಲೇ ಕೀಲಿ ಇಸಿದುಕೊಳ್ಳುತ್ತಾರೆ. ಇಪ್ಪತ್ತಮೂರನ್ನು ನಾಳೆಯೇ ಕಳಿಸಿಕೊಡಿ, ಅದಕ್ಕೆ ಆರು ಸಲ ನೀರು ಬೇಕಾಗುತ್ತದೆ ಎಂದು ಪೋಸ್ಟ್ ಮಾಸ್ಟರಿಗೆ ಹೇಳುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಷೆಡ್ಡು ಖಾಲಿ. ತೊಂಬತ್ತಮೂರು ಗ್ಲಾಸುಗಳು ಮತ್ತೆ ತೊಟ್ಟಿಯ ಪಕ್ಕಕ್ಕೆ ಬಂದಿವೆ. ಮೂಗು ಮರಳಬಹುದು, ಮರಳದೆಯೂ ಇರಬಹುದು ಎಂದು ವೈದ್ಯರು ಹೇಳಿದ್ದಾರೆ. ಮನೆಯಲ್ಲಿ ಹಾಲು ಕಾಯಿಸುವುದು, ಗ್ಯಾಸ್ ಆರಿಸುವುದು ಈಗ ಸೊಸೆಯ ಪಾಲಿಗೆ. ಯಾವ ವಾಸನೆ ಮೊದಲು ಮರಳಬೇಕೆಂದು ಆಸೆ ಎಂದು ಕೇಳಿದರೆ ನೀರಕ್ಕ ಗ್ಲಾಸುಗಳತ್ತ ಕೈ ಚಾಚುತ್ತಾರೆ. ಮಾಗಿದ ಹಣ್ಣು, ಹೊಸ ವೈನ್, ಮನೆಯ ಅಡುಗೆ ಎಂದೆಲ್ಲ ಹೇಳಬಹುದಿತ್ತು. ಇಪ್ಪತ್ತಮೂರರ ಹುಳಿ ವೈನ್ ಇದ್ದ ಗ್ಲಾಸನ್ನು ಕೈಗೆತ್ತಿಕೊಂಡು, ಮೂಗಿನ ಹತ್ತಿರ ಹಿಡಿದು, ಒಂದು ಸಲ ದೀರ್ಘವಾಗಿ ಉಸಿರೆಳೆದು, ನೀರಿಗೆ ಅದ್ದುತ್ತಾರೆ.

"ಇದು ಬರಲಿ. ಒಳ್ಳೇ ವಾಸನೆ ನಿಧಾನಕ್ಕೆ ಬಂದ್ರೂ ನಡೆಯುತ್ತೆ. ನನ್ನ ಕೆಲಸಕ್ಕೆ ಬೇಕಾಗಿರೋದು ಕೆಟ್ಟದ್ದು."