ಹಮ್ಮಿಗಿ ದಿಬ್ಬದ ಕೂಸು

ಹಮ್ಮಿಗಿಯ ಹೊರಗೆ, ಹೊಳೆಯ ಕಡೆಗೆ, ಒಂದು ದಿಬ್ಬವಿದೆ. ಬಹಳ ಹಿಂದಿನ ಜನ ಅಲ್ಲಿ ಕಲ್ಲು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರಂತೆ. ಆ ಕುಲುಮೆಯನ್ನು ಅಗೆದು ಹುಡುಕಲು ಪುರಾತತ್ವ ಇಲಾಖೆಯ ಸುಶ್ಮಿತಾ ಮೇಡಂ ಬಂದಾಗ ಊರಿನ ಹುಚ್ಚವ್ವ ಮಣ್ಣು ಹೊರಲು ಹೋದಳು. ಕೂಲಿಗಾಗಿ ಅಲ್ಲ, ಕಾಯಲು.

ಅಲ್ಲಿಯ ಬೇವಿನ ಗಿಡದ ಕೆಳಗೆ ಎಷ್ಟೋ ವರ್ಷಗಳ ಹಿಂದೆ ಅವಳ ಹೆಣ್ಣುಕೂಸು ಮಣ್ಣಾಗಿತ್ತು. ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಕೂಸು. ಗಾಳಿ ಸೋಕದಿರಲೆಂದು ಕಬ್ಬಿಣ ಇಡುವುದು ಅವರ ಪದ್ಧತಿ. ಸೈಕಲ್ ರಿಪೇರಿ ಮಾಡುತ್ತಿದ್ದ ಗಂಡ ತಿರಕಪ್ಪ ಚಕ್ರದ ಕಡ್ಡಿಯನ್ನು ಬಗ್ಗಿಸಿ, ಕಡಗ ಮಾಡಿ ಕೂಸಿನ ಕೈಗೆ ಹಾಕಿದ್ದ. ಸತ್ತ ಕೂಸಿನ ಸುದ್ದಿ ಆಡಿದರೆ ಮುಂದಿನ ಬಸುರು ನಿಲ್ಲುವುದಿಲ್ಲ ಎಂದು ಅತ್ತೆ ಹೇಳಿದ್ದಳು. ಹುಚ್ಚವ್ವ ಆಡಲಿಲ್ಲ. ಬಸುರೂ ನಿಲ್ಲಲಿಲ್ಲ. ಗಂಡ ತೀರಿಕೊಂಡ ಮೇಲೂ ಅವಳು ಬಾಯಿ ಬಿಡಲಿಲ್ಲ. ಮೇಡಂಗೆ, 'ಆ ಗಿಡದ ಕಡೆ ಅಗಿಬ್ಯಾಡ್ರಿ' ಎಂದಳು, ಅಷ್ಟೇ.

ಅವಳು ಜ್ವರದಿಂದ ಮಲಗಿದ ದಿನ ಅಲ್ಲಿ ಅಗೆದರು. ಸಣ್ಣ ಎಲುಬು, ತುಕ್ಕು ಹಿಡಿದ ಕಡಗ ಸಿಕ್ಕವು. ಪರೀಕ್ಷೆ ಆಗಬೇಕು ಎಂದು ಮೇಡಂ ಹೇಳುವಷ್ಟರಲ್ಲಿ ಪಂಚಾಯ್ತಿಯ ವಿರೂಪಾಕ್ಷಪ್ಪ 'ಕುಲುಮೆ ರಾಜನ ಮಗಳು' ಎಂದು ಬ್ಯಾನರ್ ಕಟ್ಟಿಸಿದ್ದ.

ಹುಚ್ಚವ್ವ ಅವನ ಮನೆಗೆ ಹೋದಳು. "ಯಪ್ಪಾ, ಅದು ನನ್ನ ಕೂಸು."

"ಹಂಗಂದ್ರ ನೀ ರಾಣಿ ಆದಿ ಬಿಡು!" ಅವನು ನಕ್ಕ. "ಇದರ ಹೆಸರಿನ್ಯಾಗ ಊರಿಗೆ ರಸ್ತೆ ಬರತೈತಿ. ಬಾಯಿ ಮುಚ್ಚಿಕೊಂಡಿರವಾ."

"ರಸ್ತೆ ನೀವ ಇಟ್ಕೋರಿ. ನನ್ನ ಕೂಸು ನನಗ ಕೊಡ್ರಿ."

ಅಲ್ಲಿಂದ ನೇರ ಮೇಡಂ ಹತ್ತಿರ ಹೋದಳು. "ಕಡಗದ ತುದಿ ಕೆರೀರಿ. ಅದು ಸೈಕಲ್ಲಿನ ಕಡ್ಡಿ ಐತ್ರಿ."

ತುಕ್ಕು ಕೆರೆದಾಗ ತಿರುಪಿನ ಗೆರೆಗಳು ಕಂಡವು. ಸುಶ್ಮಿತಾ ಕಡಗವನ್ನು ಮೆಲ್ಲಗೆ ಕೆಳಗಿಟ್ಟರು. "ಮೊದಲೇ ಹೇಳಬಾರದಿತ್ತಾ, ಅವ್ವ?"

"ನಾಲಿಗಿ ಬರಲಿಲ್ರಿ."

ಮೇಲಿನವರನ್ನು ಕೇಳಿ, ಕೆಲವು ದಿನಗಳ ಮೇಲೆ ಮೇಡಂ ತಾವೇ ಎಲುಬು ಇಟ್ಟ ಡಬ್ಬಿ ತಂದುಕೊಟ್ಟರು. ಗಿಡದ ಕೆಳಗೆ ಕುಲುಮೆಯ ಗೋಡೆ ಸಿಕ್ಕಿತ್ತು. ಅಲ್ಲಿ ಮತ್ತೆ ಮಣ್ಣು ಮಾಡುವಂತಿರಲಿಲ್ಲ. ತಿರಕಪ್ಪನನ್ನು ಮಣ್ಣು ಮಾಡಿದ ಜಾಗದ ಪಕ್ಕದಲ್ಲಿ ಅಗೆಯಲು ಊರಿನ ಯಾರೂ ಬರಲಿಲ್ಲ. ಊರಿಗೆ ಬರುವ ರಸ್ತೆ ತಪ್ಪಿಸಿದವಳು ಎಂದು ಅವರಿಗೆ ಸಿಟ್ಟು. ಪಕ್ಕದ ಮನೆಯ ಲಾಲಬಿ ಮಾತ್ರ ಗುದ್ದಲಿ ಹಿಡಿದು ಬಂದಳು.

"ಒಮ್ಮೆ ಬಿಚ್ಚಿ ನೋಡವಾ," ಎಂದಳು ಲಾಲಬಿ.

"ಬ್ಯಾಡ. ನನ್ನ ಮನಸಿನ್ಯಾಗ ಆಕಿ ದೊಡ್ಡಾಕಿ ಆಗ್ಯಾಳ, ಮದಿವಿ ಆಗ್ಯಾಳ. ಬಿಚ್ಚಿದ್ರ ಮತ್ತ ಕೂಸ ಆಗಿಬಿಡ್ತಾಳ."

ಲಾಲಬಿ ಡಬ್ಬಿಯನ್ನು ಗುಂಡಿಗೆ ಇಳಿಸಿದಳು. ಮುಚ್ಚಿದ ಡಬ್ಬಿಯ ಮೇಲೆ ಇಬ್ಬರೂ ಮಣ್ಣು ಎಳೆದರು.